ಗಾಜಿಗಿಳಿದ ಜೋಗುಳ

ನಮ್ಮ ಅತ್ತೆ ಸುಭದ್ರಾ ಹಾಡಿದ ಬಂಗಾಳಿ ಜೋಗುಳವೊಂದು ಈಗ ಗಾಜಿನೊಳಗಿದೆ. ಅವರ ಹೆಸರು ಮಾತ್ರ ಇಲ್ಲ. ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತೆ ಉಡುಪಿ ಕಡೆಯಿಂದ ಮದುವೆಯಾಗಿ ಬಂಗಾಳದ ಟಾಲಿಗಂಜಿಗೆ ಬಂದವರು. ನಮ್ಮ ಹೋಟೆಲಿನಿಂದ ಸಿನಿಮಾ ಸ್ಟುಡಿಯೋಗೆ ಇಡ್ಲಿ ಹೋಗುತ್ತಿತ್ತು. ಬಡಿಸುವಾಗ ಗುನುಗುವುದು ಅತ್ತೆಯ ಅಭ್ಯಾಸ. ಒಮ್ಮೆ ನಾಯಕಿಯ ಗಂಟಲು ಕಟ್ಟಿತೆಂದು ಸಂಗೀತ ನಿರ್ದೇಶಕರು ಜೋಗುಳ ಹಾಡಲು ಅತ್ತೆಯನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಚಿತ್ರ ಬಿಡುಗಡೆಯಾದಾಗ ನೋಡಿದರೆ, ಹಾಡಿದವರೆಂದು ನಾಯಕಿಯ ಹೆಸರು! ಕೇಳಲು ಹೋದ ಮಾವನನ್ನು, ಅಡುಗೆಯವಳ ಹೆಸರು ಯಾರಿಗೆ ಬೇಕೆಂದು ನಕ್ಕು ಕಳಿಸಿದರಂತೆ. ಅತ್ತೆ ಆಮೇಲೆ ಗುನುಗಿದ್ದನ್ನು ಯಾರೂ ಕೇಳಿಲ್ಲ. ಎಷ್ಟೋ ವರ್ಷಗಳ ನಂತರ, ಆ ಚಿತ್ರದ ರೀಲು ಡಬ್ಬದಲ್ಲೇ ಹುಳಿ ವಾಸನೆ ಬಂದು ಹಾಳಾಗುತ್ತಿದೆ ಎಂಬ ಸುದ್ದಿ ಬಂತು.

"ಹೋಗ್ಲಿ. ಅದರೊಟ್ಟಿಗೆ ಆ ಸುಳ್ಳೂ ಹೋಗ್ತದೆ" ಎಂದರು ಅತ್ತೆ.

ಹೋದ ವರ್ಷ ಪ್ರವೀಣ ಗಂಟುಬಿದ್ದ. ಬೆಂಗಳೂರಿನ ಹುಡುಗ, ದಿನಾ ನಮ್ಮಲ್ಲೇ ಊಟ. ಅವನ ಕಂಪನಿ ಹಳೆಯ ಚಿತ್ರಗಳನ್ನು ಗಾಜಿನಲ್ಲಿ ಬರೆದಿಡುತ್ತದಂತೆ. ಕಣ್ಣು ಮಿಟುಕಿಸುವುದರೊಳಗೆ ಲೆಕ್ಕವಿಲ್ಲದಷ್ಟು ಸಲ ಮಿಂಚಿ ಆರುವ ಲೇಸರ್, ಗಾಜಿನ ಹೊಟ್ಟೆಯೊಳಗೆ ಕಾಣದಷ್ಟು ಸಣ್ಣ ಗುರುತುಗಳನ್ನು ಮಾಡುತ್ತದೆ. ಆ ಗುರುತುಗಳೇ ಚಿತ್ರ, ಅವೇ ಹಾಡು. ಬಿಸಿಗೂ ನೀರಿಗೂ ಅಳಿಯುವುದಿಲ್ಲ. ಮೊದಲು ಬರೆಯುವ ಚಿತ್ರದ ಹೆಸರನ್ನು ಅವನು ಹೇಳಿದಾಗ ಅತ್ತೆ ಗ್ರೈಂಡರ್ ನಿಲ್ಲಿಸಿದರು.

"ಬರೆಯುವ ಮೊದಲು ನನ್ನ ಹೆಸರು ಸೇರಿಸ್ಲಿಕ್ಕೆ ಆಗ್ತದಾ ಮಾರಾಯ?"

ಜೀವಮಾನದಲ್ಲಿ ಅತ್ತೆ ತಮಗಾಗಿ ಕೇಳಿದ್ದು ಅದೊಂದೇ. ಕೇಳಿ ನೋಡುತ್ತೇನೆಂದು ಪ್ರವೀಣ ಹೋದ. ಅವನ ಸಾಹೇಬರ ಉತ್ತರ ಬಂತು: ಮೂಲದಲ್ಲಿ ಇದ್ದದ್ದನ್ನು ಮುಟ್ಟುವ ಹಾಗಿಲ್ಲ, ಅದು ಇತಿಹಾಸ.

ಇತಿಹಾಸವಂತೆ! ಅದೇ ಚಿತ್ರದ ಶುರುವಿನಲ್ಲಿ ಸಾಹೇಬರು ತಮ್ಮ ಫೋಟೋ, ತಮ್ಮ ಶುಭಾಶಯ ಎರಡನ್ನೂ ಬರೆಸಿಕೊಂಡಿದ್ದರು. ಅದಕ್ಕೆ ಗಾಜಿನಲ್ಲಿ ಬೇಕಾದಷ್ಟು ಜಾಗವಿತ್ತು. ಸಾಲದ್ದಕ್ಕೆ, ಆ ಗಾಜಿನ ಬಿಡುಗಡೆ ಸಮಾರಂಭಕ್ಕೆ ನಮ್ಮ ಹೋಟೆಲಿನ ಇಡ್ಲಿಯೇ ಬೇಕಂತೆ.

"ಒಂದು ಇಡ್ಲಿಯೂ ಇಲ್ಲ ಅಂತ ಹೇಳಿ ನಿಮ್ಮ ಸಾಹೇಬ್ರಿಗೆ" ಎಂದೆ ನಾನು.

ಪ್ರವೀಣ ತಲೆ ತಗ್ಗಿಸಿ, ಆ ಚಿತ್ರವನ್ನು ಬರೆದು ಮುಗಿಸಿದ ಗಾಜಿನ ಬಿಲ್ಲೆಯನ್ನು ಅತ್ತೆಯ ಕೈಗಿಟ್ಟ. ತೋರಿಸಲೆಂದು ಕೇಳಿ ತಂದಿದ್ದನಂತೆ. ಅತ್ತೆ ಅದನ್ನು ಬೆಳಕಿಗೆ ಹಿಡಿದರು. ಸೆರಗಿನಿಂದ ಒರೆಸಿದರು. ಮತ್ತೆ ಒತ್ತಿ ಒರೆಸಿದರು.

"ಒರೆಸಿದ್ರೆ ಹೋಗಲ್ಲಮ್ಮ, ಅದು ಒಳಗಿದೆ" ಎಂದ ಪ್ರವೀಣ.

"ಎಷ್ಟು ವರ್ಷ ಉಳೀತದೆ ಇದು?"

"ಸಾವಿರಾರು ವರ್ಷ."

ಅತ್ತೆ ಬಿಲ್ಲೆಯನ್ನು ಅವನಿಗೆ ವಾಪಸು ಕೊಟ್ಟರು.

"ಆ ರೀಲು ಸಾಯುವುದನ್ನೇ ಕಾಯ್ತಾ ಇದ್ದೆ ಮಗಾ. ನೀವು ಅದಕ್ಕೆ ಸಾವೇ ಇಲ್ಲದ ಹಾಗೆ ಮಾಡಿಬಿಟ್ರಿ."