ಎಣ್ಣೆಬಾವಿಗೆ ಒಡೆದ ತೆಂಗಿನಕಾಯಿ

ನಮ್ಮ ಶ್ರಾವ್ಯ ಪಾಸಾದಳು! ಮಗನ ಮಗಳು, ತೆರಿಗೆ ಕಾನೂನು ಓದಿ ಮುಗಿಸಿದವಳು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಮಧ್ಯಾಹ್ನದಿಂದ ಸೌಟು ಹಿಡಿದು ಮನೆಯೆಲ್ಲ ತಿರುಗುತ್ತಿದ್ದೆ. ಯಾವ ಪಾತ್ರೆಗೆ ಹೊರಟೆನೆಂದು ನೆನಪಾಗುತ್ತಿರಲಿಲ್ಲ.

ಉಡುಪಿಯಿಂದ ಪರದೇಶದ ನ್ಯೂವೆಗೈನ್ ಎಂಬ ಊರಿಗೆ ಮಗನ ಮನೆ ನೋಡಲು ಬಂದವಳು, ಕೊರೊನಾದಿಂದ ವಿಮಾನ ನಿಂತು ಇಲ್ಲೇ ಉಳಿದೆ. ಮಗನ ಆಫೀಸು ಅಡುಗೆಮನೆಯ ಮೇಜಿನಲ್ಲಿ, ಸೊಸೆಯದು ಮಲಗುವ ಕೋಣೆಯಲ್ಲಿ. ಊಟದ ತಟ್ಟೆಗಳೂ ಅಲ್ಲಲ್ಲಿಗೇ ಹೋಗುತ್ತಿದ್ದವು. ಶ್ರಾವ್ಯ ನನ್ನ ಕೋಣೆಯಲ್ಲಿ ಕೂತು ಪರೀಕ್ಷೆಯ ಪ್ರಬಂಧ ಬರೆಯುತ್ತಿದ್ದಳು. ಪಾಸಾದರೆ ಮಾತ್ರ ಕೈಯಲ್ಲಿರುವ ಕೆಲಸ ಉಳಿಯುತ್ತದೆ ಎಂಬ ಚಿಂತೆ ಅವಳಿಗೆ.

"ಎಂತ ಬರೀತಿ ಮಗಾ?"

"ಎಣ್ಣೆಬಾವಿ ಕೊರೆಯುವ ಖರ್ಚು, ಅಜ್ಜಿ. ಕೂಲಿ, ಡೀಸೆಲ್ಲು ಎಲ್ಲ ವಾಪಸ್ ಬರುದಿಲ್ಲ ಅಲ್ವಾ? ಅಮೆರಿಕದಲ್ಲಿ ಅದನ್ನು ಆ ವರ್ಷದ ಆದಾಯದಿಂದಲೇ ಕಳೆದು, ಉಳಿದದ್ದಕ್ಕೆ ಟ್ಯಾಕ್ಸ್. ಪೈಪು ಹಾಗಲ್ಲ, ಮತ್ತೆ ಬಳಕೆಗೆ ಬರ್ತದೆ. ಅದನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಳೆಯುದು."

"ಎಣ್ಣೆ ಸಿಗದಿದ್ರೆ?"

"ಆಗಲೂ ಕಳೀಬಹುದು."

ನೋಡಿ, ನೀರು ಸಿಗದ ಬೋರಿನ ಬಾಯಿಗೆ ನಾವು ಚಪ್ಪಡಿ ಎಳೆದರೆ, ಆಮೇಲೆ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ನಮ್ಮ ಯಜಮಾನರು ಸಾಯುವವರೆಗೂ ನಮ್ಮ ತೋಟದ ಚಪ್ಪಡಿಯನ್ನು ತುಳಿಯದೆ ಸುತ್ತುಹಾಕಿಯೇ ನಡೆದರು. ಎಲ್ಲಿಯದೋ ಒಂದು ಸರ್ಕಾರ ಬರಿಗುಂಡಿಯ ಕಥೆಯನ್ನೂ ಕೂತು ಕೇಳುತ್ತದಂತೆ! ಮನುಷ್ಯರು ಎಷ್ಟು ಆಳಕ್ಕೆ ಯೋಚಿಸಿದ್ದಾರಪ್ಪ!

ಇವತ್ತು ಬೆಳಿಗ್ಗೆ ಆ ಪ್ರಬಂಧದ ಮೇಲೆ ಕಂಪ್ಯೂಟರಿನಲ್ಲೇ ಬಾಯಿಮಾತಿನ ಪರೀಕ್ಷೆ, ಪ್ರೊಫೆಸರರು ಪರದೆಯ ಮೇಲೆ. ಕಾಯಿ ಒಡೆಯದೆ ಯಾರಾದರೂ ಬಾವಿ ಕೊರೆಯಲು ಶುರು ಮಾಡುತ್ತಾರೆಯೇ? ಸೊಸೆ ಇಲ್ಲಿ ನೆಲೆಸಿದ ಸುರಿನಾಮ್ ದೇಶದವರ ಅಂಗಡಿಯಿಂದ ತಂದ ಕಾಯಿಯನ್ನು ಬಾಲ್ಕನಿಯ ನೆಲಕ್ಕೆ ಬಲವಾಗಿ ಒಡೆದೆ. ಅವಳು ಕೂತ ಕೋಣೆಯ ಕಿಟಕಿ ತೆರೆದದ್ದು ನೋಡಿರಲಿಲ್ಲ. ಒಳಗೆ ಮಾತು ನಿಂತಿತು. ಮಗುವಿನ ಪರೀಕ್ಷೆ ಕೆಡಿಸಿದೆನಲ್ಲಾ ಎಂದು ಹೋಳುಗಳನ್ನು ಸದ್ದಾಗದಂತೆ ಸೆರಗಿಗೆ ತುಂಬಿಕೊಂಡೆ.

ಸದ್ದು ಏನೆಂದು ಪ್ರೊಫೆಸರರು ಕೇಳಿದರಂತೆ. ಇವಳು ಇದ್ದದ್ದು ಹೇಳಿದಳಂತೆ. ಹಾಗಾದರೆ ಆ ಕಾಯಿಯ ಖರ್ಚನ್ನೂ ಕಳೆಯಬಹುದೋ ಎಂದು ಅವರು ನಗದೆ ಕೇಳಿದರಂತೆ.

"ಒಡೆದ ಕಾಯಿ ವಾಪಸ್ ಬರುದಿಲ್ಲ, ಕಳೀಬಹುದು. ಆದ್ರೆ ನಮ್ಮಜ್ಜಿ ಅದ್ರಲ್ಲಿ ಚಟ್ನಿ ಮಾಡ್ತಾರೆ, ಹಾಗಾಗಿ ಆಗುದಿಲ್ಲ ಅಂದೆ," ಎಂದು ಹೊರಗೆ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಅವರು ನಕ್ಕದ್ದೇ ನಕ್ಕದ್ದು. ನನ್ನ ಹೆದರಿಕೆಯೂ ಹೋಯ್ತು. ನೀವೊಬ್ರು ಅಜ್ಜಿ, ಜೀವ ಬಾಯಿಗೆ ತಂದ್ರಿ ಮಾರಾಯ್ತಿ!"

ಸಂಜೆ ಮಗ ಕಂಪ್ಯೂಟರು ಮುಚ್ಚಿಟ್ಟು ಮೇಜು ಖಾಲಿ ಮಾಡಿದ. ನೀರುದೋಸೆ, ಕೋಳಿಸಾರು. "ಅಪ್ಪ, ನಿಮ್ಮ ಮೊಣಕೈ ನನ್ನ ತಟ್ಟೆಯಲ್ಲುಂಟು," ಎಂದಳು ಶ್ರಾವ್ಯ. ಮೇಜು ಚಿಕ್ಕದು. ನಾಲ್ವರೂ ತಾಗಿಕೊಂಡೇ ಉಂಡೆವು. ಯಾರೂ ಸರಿದು ಕೂರಲಿಲ್ಲ.