ಕೊರಳಲ್ಲಿ ಟೇಪು ಇದ್ದಾಗ

ನಮ್ಮಣ್ಣನನ್ನು ಪೇಟೆಯವರೆಲ್ಲ ಗುಂಡಿಯಣ್ಣ ಎಂದು ಕರೆಯುತ್ತಾರೆ. ನನ್ನ ಹೊಲಿಗೆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಂಗಿಗಳಿಗೆ ಗುಂಡಿ ಹಚ್ಚುವವನು ಅವನೇ. ಬಟ್ಟೆ ಹರಿದೀತು, ಅವನು ಹಚ್ಚಿದ ಗುಂಡಿ ಕಿತ್ತು ಬರುವುದಿಲ್ಲ. ಒಂದೊಂದಕ್ಕೂ ಎಂಟು ಸಲ ಸೂಜಿ ಹಾಯಿಸುತ್ತಾನೆ, ತುಟಿ ಆಡಿಸುತ್ತ, ಎಣಿಸುತ್ತ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಪೂರ್ತಿ ಬಿಚ್ಚಿ ಮತ್ತೆ ಒಂದರಿಂದ ಶುರು. ಅವಸರದ ಗಿರಾಕಿ ಎದುರಿಗೆ ನಿಂತು ಕುಣಿದರೂ ಅಷ್ಟೇ. ಹೇಳಿಕೊಟ್ಟದ್ದನ್ನು ಕಲಿಯಲು ಅವನಿಗೆ ತಿಂಗಳುಗಟ್ಟಲೆ ಬೇಕು, ಆದರೆ ಕಲಿತದ್ದನ್ನು ಸತ್ತರೂ ಬಿಡುವವನಲ್ಲ. ಈ ಗುಣ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸ ನನ್ನದು.

ಅವನಿಗೆ ಐವತ್ನಾಲ್ಕು, ನನಗೆ ಐವತ್ತು. ಅವನಿಗೆ ಮಾತು ಬಂದದ್ದು ತಡ, ಓದು ತಲೆಗೆ ಹತ್ತಲಿಲ್ಲ, ಗಡಿಯಾರ ನೋಡಲು ಇವತ್ತಿಗೂ ಬಾರದು. ಅಮ್ಮ ಇರುವ ತನಕ ಮನೆಯಲ್ಲಿ ಅದಕ್ಕೆಲ್ಲ ಒಂದೇ ಮಾತು: ಅವನು ನಿಧಾನ. ಪೆದ್ದ, ಅರೆಬರೆ ಎಂದೇನಾದರೂ ನೆಂಟರ ಬಾಯಲ್ಲಿ ಬಂದರೆ ಅವರ ಮುಂದಿದ್ದ ಚಹಾ ಲೋಟವನ್ನು ಎತ್ತಿಕೊಂಡು ಅಮ್ಮ ಒಳಗೆ ಹೋಗಿಬಿಡುತ್ತಿದ್ದಳು. ಅಂಥ ತಾಯಿಯ ಮಗಳು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅಮ್ಮ ಹೋದ ವರ್ಷವೇ ನಾನು ಅಂಗಡಿ ತೆರೆದೆ. ಅಣ್ಣನನ್ನು ಮನೆಯಲ್ಲಿ ಒಬ್ಬನೇ ಬಿಡುವಂತಿರಲಿಲ್ಲ, ಹಾಗಾಗಿ ಜೊತೆಗೆ ಕರೆದುಕೊಂಡು ಬರುತ್ತಿದ್ದೆ. ಮನೆಯಿಂದ ಅಂಗಡಿಗೆ ಎರಡು ಬಸ್ಸು ಹಿಡಿಯಬೇಕು, ಆ ಪೇಟೆಯಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಮೊದಲ ವಾರವೇ ಹತ್ತಿರದ ಶಾಲೆಯ ಹೆಡ್‌ಮಿಸ್ ಬಂದರು. ಮುನ್ನೂರು ಯೂನಿಫಾರ್ಮಿನ ಕೆಲಸ. ಮೂಲೆಯಲ್ಲಿ ಅಣ್ಣ ಡಬ್ಬಿಯ ಗುಂಡಿಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು ಬಣ್ಣ ಬೇರೆ ಮಾಡುತ್ತ ಜೋರಾಗಿ ನಗುತ್ತಿದ್ದ. ಅವರು ಅವನನ್ನೇ ನೋಡಿ, ಯಾರಿದು ಎಂದು ಕೇಳಿದರು. ನನ್ನ ಅಣ್ಣ ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆ ಹೊರಳಲಿಲ್ಲ.

"ಪಾಪ, ಅವನಿಗೆ ಯಾರೂ ಇಲ್ಲ. ನಾನೇ ಇಟ್ಕೊಂಡಿದ್ದೀನಿ," ಎಂದುಬಿಟ್ಟೆ.

ಹೆಡ್‌ಮಿಸ್ ನನ್ನ ಕೈ ಹಿಡಿದುಕೊಂಡರು. ಈ ಕಾಲದಲ್ಲಿ ಇಂಥವರಿಗೆ ಕೆಲಸ ಕೊಡುವವರು ಯಾರಿದ್ದಾರೆ, ನಿಮ್ಮದು ದೊಡ್ಡ ಮನಸ್ಸು ಎಂದರು. ಕೆಲಸವೂ ಸಿಕ್ಕಿತು. ನಾನು ಉಬ್ಬಿಹೋದೆ. ಆಮೇಲೆ ಅವರು ನಾಲ್ಕು ಜನರಿಗೆ ಹೇಳಿದರು, ಆ ನಾಲ್ವರು ಇನ್ನು ಹತ್ತು ಜನರಿಗೆ. ಮನೆಯಲ್ಲೂ ಅವರೇ ಇಟ್ಟುಕೊಂಡು ಅನ್ನ ಹಾಕುತ್ತಾರಂತೆ ಎಂದು ಬೀದಿಯಲ್ಲಿ ನನ್ನ ಹೆಸರು ಮೆರೆಯಿತು. ಅಮ್ಮ ಬಿಟ್ಟುಹೋದ ಮನೆಯಲ್ಲಿ ನನಗೆಷ್ಟು ಪಾಲೋ ಅವನಿಗೂ ಅಷ್ಟೇ ಪಾಲು, ಅದೂ ಅವನು ನನಗಿಂತ ಮೊದಲು ಹುಟ್ಟಿದವನು. ಆದರೂ ಜನ ಹೊಗಳಿದಾಗ ನಾನು ತಲೆ ತಗ್ಗಿಸಿ, ಅಯ್ಯೋ ಅದೇನು ಮಹಾ ಎನ್ನುತ್ತಿದ್ದೆ. ಎಂಥ ನಟನೆ ಅದು. ಥೂ ನನ್ನ.

ಅವರು ಮೊದಲು ಅಂಗಡಿಗೆ ಬಂದ ಆ ದಿನ ಸಂಜೆ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದ, "ನಂಗೆ ಯಾರೂ ಇಲ್ವಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ತಪ್ಪು ನನ್ನದಾದಾಗ ಇನ್ನೂ ಜಾಸ್ತಿ. ಅವನನ್ನೇ ಗದರಿಸಿ ಒಂದು ಕಟ್ಟಳೆ ಮಾಡಿದೆ. ನನ್ನ ಕುತ್ತಿಗೆಯಲ್ಲಿ ಅಳತೆ ಟೇಪು ಇದ್ದರೆ ಅದು ಅಂಗಡಿ, ಆಗ ನಾನು ಮೇಡಂ, ಮನೆ ಮಾತು ಒಂದೂ ಆಡಬಾರದು. ಟೇಪು ತೆಗೆದು ಮೊಳೆಗೆ ಹಾಕಿದೆನೋ, ಅಂಗಡಿ ಮುಚ್ಚಿತು, ಆಗ ತಂಗಿ. ಇದೊಂದನ್ನು ಮಾತ್ರ ತಿಂಗಳೊಳಗೆ ಕಲಿತುಬಿಟ್ಟ. ಹದಿನೆಂಟು ವರ್ಷಗಳಲ್ಲಿ ಒಂದು ಸಲವೂ ಬಾಯಿ ತಪ್ಪಲಿಲ್ಲ. ಸಂಜೆ ನಾನು ಟೇಪು ಮೊಳೆಗೆ ಹಾಕಿದ ಕ್ಷಣವೇ ಶುರುವಾಗುತ್ತಿತ್ತು ಅವನ ಮಾತು, ಬೆಳಗಿನಿಂದ ಕೂಡಿಟ್ಟುಕೊಂಡದ್ದೆಲ್ಲ. ಎದುರಿನ ಕಿಟಕಿಯಲ್ಲಿ ಬೆಕ್ಕು ಕೂತಿತ್ತು. ದಪ್ಪನೆಯವರು ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ಹೊಟ್ಟೆ ಒಳಗೆ ಎಳೆದುಕೊಂಡರು. ಮನೆಗೆ ಹೋಗಿ ಈರುಳ್ಳಿ ಸುಲಿಯುವಾಗಲೂ, ಒಣಗಿದ ಬಟ್ಟೆ ಮಡಚುವಾಗಲೂ ಆ ಪುರಾಣ ಮುಗಿಯುತ್ತಿರಲಿಲ್ಲ.

ಹೋದ ವರ್ಷ ಒಂದು ಮಂಗಳವಾರ. ಅವತ್ತು ಮಧ್ಯಾಹ್ನ ಯೂನಿಫಾರ್ಮ್ ಕೊಡಬೇಕಿತ್ತು. ಅಣ್ಣನ ಕೈ ಓಡುತ್ತಿರಲಿಲ್ಲ. ಮೂರಕ್ಕೆ ಬಂದು ನಿಲ್ಲುವುದು, ಬಿಚ್ಚುವುದು, ಮತ್ತೆ ಒಂದರಿಂದ. ಮೇಡಂ, ಅಂಗಡಿ ಯಾವಾಗ ಮುಚ್ತೀರಾ ಎಂದು ಕೇಳಿದ. ಬೆಳಗ್ಗೆ ಹತ್ತೂವರೆಗೆ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆಯೇ? ಸುಮ್ಮನೆ ಕೆಲಸ ನೋಡು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮೂರನೆಯ ಸಲ ಕೇಳಿದಾಗ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ಇನ್ನೊಂದು ಸಲ ಬಾಯಿ ಬಿಟ್ಟರೆ ನೋಡು ಎಂದು ಹೇಳಿದೆ. ಬಾಯಿ ಬಿಡಲಿಲ್ಲ. ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಸೊಕ್ಕು, ಹಸಿದರೆ ತಾನೇ ತಿನ್ನುತ್ತಾನೆ ಎಂದುಕೊಂಡೆ.

ಎರಡು ಗಂಟೆಗೆ ಹೆಡ್‌ಮಿಸ್ ಬಟ್ಟೆ ನೋಡಲು ಬಂದರು. ಅವರು ಅಂಗಿ ಬಿಡಿಸಿ ನೋಡುತ್ತಿದ್ದಂತೆ ಅಣ್ಣ ಸ್ಟೂಲಿನಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದ. ಮುಖ ಬೆವರಿ ಹೋಗಿತ್ತು, ಮೈ ಸುಡುತ್ತಿತ್ತು. ಅವರೇ ತಮ್ಮ ಕಾರಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ನರ್ಸ್ ಒಬ್ಬಳು, ನನ್ನ ಅರ್ಧ ವಯಸ್ಸಿನವಳು, ಮಂಚದ ಪಕ್ಕ ಕೂತು ಅಣ್ಣನನ್ನೇ ಕೇಳಲು ಶುರು ಮಾಡಿದಳು. ಎಲ್ಲಿ ನೋಯ್ತಿದೆ, ತೋರಿಸ್ತೀರಾ? ಅವನನ್ನು 'ನೀವು' ಎಂದು ಮಾತಾಡಿಸಿದವರನ್ನು ನಾನು ಅದೇ ಮೊದಲು ಕಂಡದ್ದು. ಅವನು ಹೊಟ್ಟೆ ಮುಟ್ಟಿ, ಸ್ವಲ್ಪ ಎಂದ. ನಾನು ನಡುವೆ ಬಾಯಿ ಹಾಕಿ, ಅವನಿಗೆ ತಲೆ ಸರಿಯಿಲ್ಲ, ಅವನ ಮಾತು ಹಿಡಿಯಬೇಡಿ, ನನ್ನನ್ನು ಕೇಳಿ ಎಂದೆ. ಆ ಹುಡುಗಿ ಬರೆಯುತ್ತಲೇ ಹೇಳಿದಳು, "ಬೌದ್ಧಿಕ ಅಂಗವೈಕಲ್ಯ ಇದೆ ಅಂತ ಬರ್ಕೋತೀನಿ. ನೋವು ಅವರದ್ದಲ್ವಾ, ಅವರನ್ನೇ ಕೇಳ್ತೀನಿ."

ಕಪಾಳಕ್ಕೆ ಹೊಡೆದಂತಾಯಿತು. ಅಮ್ಮ ನೆನಪಾದಳು. ಇದ್ದಿದ್ದರೆ ನನ್ನ ಮುಂದಿನ ಲೋಟವನ್ನೇ ಎತ್ತಿಕೊಂಡು ಹೋಗುತ್ತಿದ್ದಳು.

ನರ್ಸ್ ಮುಂದಿನ ಪ್ರಶ್ನೆ ಕೇಳಿದಳು. ಆಪರೇಷನ್ ಬೇಕಾಗಬಹುದು, ನಿಮ್ಮ ಮನೆಯವರು ಯಾರಿದ್ದಾರೆ? ಅಣ್ಣ ನನ್ನ ಕಡೆ ನೋಡಿದ. ಮುಖವನ್ನಲ್ಲ, ಕುತ್ತಿಗೆಯನ್ನು. ಗಾಬರಿಯಲ್ಲಿ ಹಾಗೇ ಓಡಿ ಬಂದಿದ್ದೆ, ಟೇಪು ಕೊರಳಲ್ಲೇ ನೇತಾಡುತ್ತಿತ್ತು.

"ತಂಗಿ ಇದ್ದಾಳೆ," ಎಂದ. "ಅಂಗಡಿ ಮುಚ್ಚಿದ್ಮೇಲೆ ಬರ್ತಾಳೆ."

ಹೆಡ್‌ಮಿಸ್ ನನ್ನ ಕಡೆ ತಿರುಗಿದರು. ಯಾರೂ ಇಲ್ಲ ಅಂದಿದ್ರಲ್ಲ ಎಂದರು. ನರ್ಸ್, ಅವರ ತಂಗಿ ಎಲ್ಲಿರುತ್ತಾರೆ, ಬೇಗ ಕರೆಸಿ ಎಂದು ನನಗೇ ಹೇಳಿದಳು. ಆಗಲೂ ನನ್ನ ತಲೆಯಲ್ಲಿ ಏನು ಓಡಿತು ಗೊತ್ತೇ? ಅವನಿಗೇನೋ ಭ್ರಮೆ ಅನ್ನಲೇ, ಹೊರಗೆ ಹೋಗಿ ಫೋನು ಮಾಡಿದಂತೆ ಮಾಡಲೇ ಎಂದು. ಜೀವ ಹೋಗುತ್ತಿರುವ ಅಣ್ಣನ ಮುಂದೆ ನಿಂತು ನಾನು ನನ್ನ ಹೆಸರು ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದೆ. ಅವನು ಹಲ್ಲು ಕಚ್ಚಿಕೊಂಡು ಇನ್ನೂ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದ.

ಟೇಪು ಎಳೆದು ತೆಗೆದೆ. ಹಾಕಲು ಮೊಳೆ ಇರಲಿಲ್ಲ, ನೆಲಕ್ಕೆ ಬಿಟ್ಟೆ.

"ಬಂದ್ಯಾ?" ಎಂದ ಅಣ್ಣ. ಕಣ್ಣಲ್ಲಿ ನೀರು ತುಂಬಿಕೊಂಡು ಹರಿಯತೊಡಗಿತು. "ತುಂಬಾ ನೋಯ್ತಿದೆ ಕಣೇ."

ಯಾವಾಗಿನಿಂದ ಎಂದು ಕೇಳಿದೆ.

"ಬೆಳಗ್ಗೆಯಿಂದ. ನೀನು ಬಾಗಿಲು ತೆಗೆದಾಗಿಂದ. ಅಂಗಡೀಲಿ ಮನೆ ಮಾತು ಆಡಬಾರ್ದಲ್ಲ."

ನರ್ಸ್ ಪೆನ್ನು ನಿಲ್ಲಿಸಿದಳು. ನಾನೇ ಅವನ ತಂಗಿ, ಒಡಹುಟ್ಟಿದವಳು ಎಂದೆ. ಸ್ವರ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು. ಹೆಡ್‌ಮಿಸ್ ಬಗ್ಗಿ ಟೇಪು ಎತ್ತಿ, ಸುತ್ತಿ, ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಆಪರೇಷನ್ ಎಂದರೇನು, ಎಲ್ಲಿ ಕೊಯ್ಯುತ್ತಾರೆ ಎಂದು ನರ್ಸ್ ಅಣ್ಣನಿಗೆ ನಿಧಾನವಾಗಿ ಹೇಳಿ, ಒಪ್ಪಿಗೆಯೇ ಎಂದು ಕೇಳಿದಳು. ಅವನು ಹೂಂ ಎಂದು ಕಾಗದದ ಮೇಲೆ ಒಂದು ದುಂಡನೆ ಗುರುತು ಹಾಕಿ, ಒಳಗೆ ನಾಲ್ಕು ಚುಕ್ಕೆ ಇಟ್ಟ. ಗುಂಡಿ. ಅದರ ಕೆಳಗೆ, ಸಂಬಂಧ ಎಂದಿದ್ದ ಕಡೆ, ನಾನು ತಂಗಿ ಎಂದು ಬರೆದೆ.

ಅಪೆಂಡಿಕ್ಸ್ ಒಡೆದಿತ್ತು. ಬೆಳಗ್ಗೆಯೇ ತಂದಿದ್ದರೆ ಸಣ್ಣ ಕೆಲಸ ಎಂದರು ಡಾಕ್ಟರು. ಹದಿನೇಳು ದಿನ ಮಲಗಿದ. ಬದುಕಿ ಬಂದ.

ಈಗ ಅಂಗಡಿಗೆ ಬಂದವರಿಗೆಲ್ಲ ನಾನೇ ಮೊದಲು ಹೇಳುತ್ತೇನೆ, ಇವನು ನನ್ನ ಅಣ್ಣ ಎಂದು. ಕೆಲವರು ಮುಖ ಮುಖ ನೋಡಿಕೊಂಡರು, ಕೆಲವರು ಬರುವುದನ್ನೇ ಬಿಟ್ಟರು. ಹೆಡ್‌ಮಿಸ್ ಈಗಲೂ ಬರುತ್ತಾರೆ, ಅಣ್ಣನ ಜೊತೆ ಮಾತಾಡುತ್ತಾರೆ, ನನ್ನ ಜೊತೆ ಬಟ್ಟೆಯ ಮಾತು ಮಾತ್ರ. ಟೇಪನ್ನು ನಾನು ಕೊರಳಿಗೆ ಹಾಕುವುದಿಲ್ಲ. ಅಳತೆ ಬೇಕಾದಾಗಲೆಲ್ಲ ಮೊಳೆಯ ತನಕ ಎದ್ದು ಹೋಗುತ್ತೇನೆ, ಈ ವಯಸ್ಸಿನಲ್ಲಿ ಮಂಡಿ ನೋವಿಟ್ಟುಕೊಂಡು ಇದೇನು ಕಸರತ್ತು ಎಂದು ಗಿರಾಕಿಗಳು ನಗುತ್ತಾರೆ. ಕಟ್ಟಳೆ ಮುಗಿಯಿತು, ಇನ್ನು ಯಾವಾಗ ಬೇಕಾದರೂ ಮಾತಾಡಬಹುದು ಎಂದು ಅಣ್ಣನಿಗೆ ನೂರು ಸಲ ಹೇಳಿದ್ದೇನೆ. ಆಯ್ತು ಎನ್ನುತ್ತಾನೆ. ಆದರೆ ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಬೇಕಾದರೂ, ಬಾಯಿ ತೆರೆಯುವ ಮುಂಚೆ ಅವನು ಮೊದಲು ನನ್ನ ಕುತ್ತಿಗೆ ನೋಡುತ್ತಾನೆ.