ಹಡಗು ಹತ್ತದ ಸಾಸಿವೆ

ನನ್ನ ಮಗಳು ಸಮುದ್ರ ಹೆಪ್ಪುಗಟ್ಟುವುದನ್ನು ನೋಡಲು ದಕ್ಷಿಣ ಧ್ರುವದ ಕಡೆಗೆ ಹಡಗಿನಲ್ಲಿ ಹೊರಟಿದ್ದಳು. ಅಡಿಲೇಡ್ ನಗರದ ಬ್ಲೇರ್ ಅಥಾಲ್ ಬಡಾವಣೆಯ ನಮ್ಮ ಮನೆಯಲ್ಲಿ ನಾನು ಕೇಳಿದ್ದು ಒಂದೇ: "ಹಡಗು ಅಲ್ಲಾಡತ್ತೇನೇ?" ನಾನು ಮೈಸೂರಿನವಳು, ಕಾರಂಜಿ ಕೆರೆಯ ಪೆಡಲ್ ದೋಣಿ ಹತ್ತಿದರೂ ಜೀವ ಬಾಯಿಗೆ ಬರುತ್ತದೆ.

ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ನನಗಾಗಿ ಹರಕುಮುರುಕು ಕನ್ನಡದಲ್ಲಿ ವಿವರಿಸಿದಳು. "ಫಸ್ಟ್ ನೀರು ಗಂಜಿ ತರ ಆಗುತ್ತೆ ಅಮ್ಮ. ಅಲೆ ಅದನ್ನ ಒಂದೇ ಶೀಟ್ ಆಗೋಕೆ ಬಿಡಲ್ಲ. ಐಸ್ ಚೂರುಗಳು ಒಂದಕ್ಕೊಂದು ಡಿಕ್ಕಿ ಹೊಡ್ದು ಹೊಡ್ದು ತಟ್ಟೆ ಇಡ್ಲಿ ತರ ರೌಂಡ್ ಆಗುತ್ತೆ, ಅಂಚು ಎದ್ದಿರುತ್ತೆ. ಆಮೇಲೆ ಆ ಇಡ್ಲಿಗಳೇ ಅಲೆನ ಸುಸ್ತು ಮಾಡುತ್ತೆ. ಐಸ್ ಒಳಗೆ ಹೋದಷ್ಟೂ ಕಾಮ್ ಆಗಿರುತ್ತೆ, ಹಡಗು ಅಲ್ಲಾಡಲ್ಲ." ಅಲೆ ಎಷ್ಟು ದೂರಕ್ಕೆ ಎಷ್ಟು ಸುಸ್ತಾಗುತ್ತದೆ ಎಂದು ಅಳೆಯುವುದೇ ಅವಳ ಕೆಲಸವಂತೆ.

"ಒಳಗೆ ಸರಿ, ಅಲ್ಲಿವರೆಗೂ?" ಎಂದೆ. ಅವಳು ಮಾತು ಬದಲಿಸಿದಳು.

ಅವಳು ಸ್ನಾನಕ್ಕೆ ಹೋದಾಗ, ಕೆಟ್ಟ ದೃಷ್ಟಿ ತಾಗದಿರಲಿ ಎಂದು ಒಂದು ಚಿಟಿಕೆ ಸಾಸಿವೆಯನ್ನು ಅವಳ ಜಾಕೆಟ್ಟಿನ ಜೇಬಿಗೆ ಹಾಕಿದೆ. ನಮ್ಮಮ್ಮನಾದರೆ ಸೆರಗಿಗೆ ಕಟ್ಟಿ ಕಳಿಸುತ್ತಿದ್ದಳು. ಇವಳಿಗೆ ಸೆರಗೆಲ್ಲಿಂದ ತರಲಿ?

ಹೊರಡುವ ಹಿಂದಿನ ದಿನ ಅದು ಅವಳ ಕೈಗೆ ಸಿಕ್ಕಿತು. "ಅಮ್ಮಾ! ಸೀಡ್ಸ್! ಒಂದೇ ಒಂದು ಸಿಕ್ರೂ ನನ್ನನ್ನ ಹಡಗು ಹತ್ಸಲ್ಲ!" ಆ ಹಿಮದ ನೆಲಕ್ಕೆ ಹೊರಗಿನ ಒಂದು ಬೀಜವೂ ಹೋಗಕೂಡದಂತೆ, ಬಟ್ಟೆಯ ಹೊಲಿಗೆಗಳನ್ನೂ ಬಿಡದೆ ತಪಾಸಣೆ ಮಾಡುತ್ತಾರಂತೆ. ಅವಳ ಕಣ್ಣು ತುಂಬಿತ್ತು. ನನಗೆ ತುಂಬಾ ನಾಚಿಕೆಯಾಯಿತು. ಆದರೆ ಸುಳ್ಳೇಕೆ ಹೇಳಲಿ, ಹತ್ತಿಸದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದೂ ಅನ್ನಿಸಿತು.

ಇಬ್ಬರೂ ನೆಲದ ಮೇಲೆ ಕೂತು ಜೇಬುಗಳನ್ನು ಮಗುಚಿ, ವ್ಯಾಕ್ಯೂಮ್ ಹಿಡಿದು, ಅರ್ಧ ದಿನ ಹುಡುಕಿದೆವು. ಬೈಯುತ್ತಲೇ ಮಧ್ಯೆ ಒಮ್ಮೆ ನನ್ನ ಭುಜಕ್ಕೆ ತಲೆಯಾನಿಸಿದಳು. "ಥ್ಯಾಂಕ್ ಗಾಡ್, ಎಲ್ಲಾ ಹೋಯ್ತು," ಎಂದು ಕೊನೆಗೆ ಟೀ ಇಡಲು ಎದ್ದಳು.

ಕನ್ನಡಕ ಏರಿಸಿ ನಾನು ಇನ್ನೊಮ್ಮೆ ನೋಡಿದೆ. ಜೇಬು ಮಗುಚುವಾಗ ಸಿಡಿದಿರಬೇಕು, ಜಾಕೆಟ್ಟಿನ ತೋಳಿನ ಪಟ್ಟಿಯೊಳಗೆ ಒಂದು ಕಾಳು ಕಚ್ಚಿಕೊಂಡು ಕೂತಿತ್ತು. ನಾನು ಸುಮ್ಮನಿದ್ದುಬಿಟ್ಟರೆ ಸಾಕಿತ್ತು, ಮಗಳು ಮನೆಯಲ್ಲೇ ಉಳಿಯುತ್ತಿದ್ದಳು.

ಅವಳು ಒಲೆಯ ಮುಂದೆ ಏನೋ ಗುನುಗುವುದು ಕೇಳಿಸುತ್ತಿತ್ತು. ಚಿಮಟದಿಂದ ಆ ಕಾಳನ್ನು ಕಿತ್ತು, ಅವಳ ಬೆನ್ನ ಹಿಂದಿನಿಂದ ಹೋಗಿ ಒಗ್ಗರಣೆ ಡಬ್ಬಿಗೆ ಹಾಕಿದೆ.

"ಈಗ ಕ್ಲೀನ್ ಇದೆ ಕಣೇ," ಎಂದೆ. "ಹೋಗ್ಬಾ."